‘ಸಿಂಗ್ಯುಲರ್ ಮ್ಯಾಟ್ರಿಕ್ಸ್’ ದೋಷ: ಸ್ಥಿರ ಶಾಖದ ಎಫ್‌ಇಎಂ ಲೆಕ್ಕ ಸರಿಹೋದ ಬಗೆ

ಇದು ಎಫ್‌ಇಎಂ (ವಸ್ತುವನ್ನು ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನ) ಬಳಸಿ, ಗೋಡೆಯೊಳಗಿನ ಕಾಲಕ್ಕೆ ಬದಲಾಗದ ತಾಪ ಹುಡುಕುವ ಲೆಕ್ಕ. ಗೋಡೆಯ ಒಂದು ಮೈಗೆ ಶಾಖ ಬರುತ್ತದೆ, ಎದುರು ಮೈಯಿಂದ ಗಾಳಿಗೆ ಹೋಗುತ್ತದೆ. ಉಳಿದ ಅಂಚುಗಳಿಗೆ ಇನ್ಸುಲೇಷನ್. ಸಾಲ್ವರ್ (ಸಮೀಕರಣ ಬಿಡಿಸುವ ಪ್ರೋಗ್ರಾಂ) ‘ಸಿಂಗ್ಯುಲರ್ ಮ್ಯಾಟ್ರಿಕ್ಸ್’, ಅಂದರೆ ಸಮೀಕರಣಗಳಿಗೆ ಒಂದೇ ಒಂದು ಉತ್ತರ ಇಲ್ಲ, ಅಂತ ನಿಲ್ಲುತ್ತಿತ್ತು, ಇಲ್ಲವೇ ಲಕ್ಷಗಟ್ಟಲೆ ಡಿಗ್ರಿ ತೋರಿಸುತ್ತಿತ್ತು.

ಮೆಶ್ (ತುಂಡುಗಳ ಜಾಲ) ಸಣ್ಣದು ಮಾಡಿದರೂ, ಸಾಲ್ವರ್ ಬದಲಿಸಿದರೂ ಅಷ್ಟೇ. ಒಂದು ನೋಡ್‌ಗೆ (ತುಂಡುಗಳು ಸೇರುವ ಬಿಂದು) ಸುಮ್ನೆ 30 ಡಿಗ್ರಿ ಕೊಟ್ಟರೆ ಉತ್ತರವೇನೋ ಬರುತ್ತದೆ. ಆದರೆ ಅದು ಸುಳ್ಳು ಉತ್ತರ.

ಕೋಡ್ ಕನ್ವೆಕ್ಷನ್ನನ್ನು (ಮೈಯಿಂದ ಗಾಳಿಗೆ ಹೋಗುವ ಶಾಖ) ಲೋಡ್ ವೆಕ್ಟರ್‌ಗೆ, ಅಂದರೆ ಸಮೀಕರಣದ ಬಲಬದಿಗೆ, ಮಾತ್ರ ಸೇರಿಸುತ್ತಿತ್ತು. ಅದು ಅಪರಿಚಿತ ತಾಪಗಳನ್ನು ಗುಣಿಸುವ ಮ್ಯಾಟ್ರಿಕ್ಸ್‌ಗೂ ಸೇರಬೇಕು; ಇಲ್ಲದಿದ್ದರೆ ತಾಪದ ಮಟ್ಟ ನಿಗದಿಯಾಗದೆ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗುತ್ತದೆ. ಲೀನಿಯರ್ ಎಲಿಮೆಂಟ್ ಆದರೆ, ಗಾಳಿ ತಾಗುವ ಪ್ರತಿ ಅಂಚಿಗೂ (ಆಳ 1 ಮೀಟರ್ ಎಂದುಕೊಂಡು) ಹೀಗೆ; ಇಲ್ಲಿ ಎಚ್ ಅಂದರೆ ಮೈಯಿಂದ ಗಾಳಿಗೆ ಶಾಖ ಎಷ್ಟು ಸುಲಭವಾಗಿ ಹೋಗುತ್ತದೆ ಎಂಬ ಗುಣಾಂಕ:

ಮ್ಯಾಟ್ರಿಕ್ಸ್‌ಗೆ: ಎಚ್ × ಅಂಚಿನ ಉದ್ದ ÷ 6 × [2 1, 1 2]
ಲೋಡ್‌ಗೆ, ಎರಡೂ ನೋಡ್‌ಗಳಿಗೆ: ಎಚ್ × ಗಾಳಿಯ ತಾಪ × ಅಂಚಿನ ಉದ್ದ ÷ 2

ಸಾಲ್ವ್ ಮಾಡುವ ಮೊದಲೇ ಎರಡನ್ನೂ ಸೇರಿಸಿ.

ಪರೀಕ್ಷೆಗೆ: ಗೋಡೆಯ ದಪ್ಪ 0.1 ಮೀಟರ್, ವಾಹಕತೆ 2 (ವ್ಯಾಟ್ ಪ್ರತಿ ಮೀಟರ್ ಪ್ರತಿ ಡಿಗ್ರಿ), ಎಚ್ 25 (ವ್ಯಾಟ್ ಪ್ರತಿ ಚದರ ಮೀಟರ್ ಪ್ರತಿ ಡಿಗ್ರಿ), ಗಾಳಿ 30 ಡಿಗ್ರಿ, ಒಳಬರುವ ಶಾಖ (ಫ್ಲಕ್ಸ್) ಚದರ ಮೀಟರಿಗೆ 500 ವ್ಯಾಟ್. ಗಾಳಿಯ ಮೈ 50, ಬಿಸಿ ಮೈ 75 ಡಿಗ್ರಿ ಬರಬೇಕು.