ಎಂಟು ವರ್ಷ ತುಂಬಲು ಎರಡೂವರೆ ತಿಂಗಳಿತ್ತು

2023ರ ಡಿಸೆಂಬರ್, ನ್ಯೂಜೆರ್ಸಿಯ ಚಳಿ. ಮಗಳನ್ನು ಸ್ಕೂಲಿಗೆ ಬಿಟ್ಟು ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಇಂಜಿನ್ ದೀಪ ಹತ್ತಿಕೊಂಡಿತು. ಕಾರು ಮಾತ್ರ ಎಂದಿನ ಹಾಗೇ ಓಡುತ್ತಿತ್ತು. ಹೊಸ ಸದ್ದಿಲ್ಲ, ವಾಸನೆ ಇಲ್ಲ, ಮೈಲೇಜೂ ಇಳಿದಿಲ್ಲ. ಆದರೂ ಸುಮ್ನೆ ಬಿಡೋ ಹಾಗಿರಲಿಲ್ಲ. ಏಪ್ರಿಲ್‌ನಲ್ಲಿ ಇನ್‌ಸ್ಪೆಕ್ಷನ್, ಅಂದರೆ ಸರ್ಕಾರದ ಕಾರು ತಪಾಸಣೆ, ಇತ್ತು, ಆ ದೀಪ ಉರಿಯುತ್ತಿದ್ದರೆ ಇಲ್ಲಿ ಕಾರು ಫೇಲ್.

ನನ್ನ ಹತ್ತಿರ ಇಪ್ಪತ್ತು ಡಾಲರಿನ ಬ್ಲೂಟೂತ್ ಒಬಿಡಿ (ಕಾರು ತನ್ನ ದೋಷ ತಾನೇ ಪತ್ತೆಹಚ್ಚುವ ವ್ಯವಸ್ಥೆ) ಅಡಾಪ್ಟರ್ ಇದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ದೋಷದ ಕೋಡ್ ಫೋನಿನಲ್ಲೇ ಬರುತ್ತದೆ. ಬಂದದ್ದು ಪಿ0420. ಅಂದ್ರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮಾಡಬೇಕಾದಷ್ಟು ಕೆಲಸ ಮಾಡ್ತಿಲ್ಲ ಅಂತ ಕಂಪ್ಯೂಟರಿನ ದೂರು.

ಸಲಹೆಗಳಿಗೇನು ಬರ ಇಲ್ಲವಲ್ಲ. ಒಬ್ಬ ಗೆಳೆಯ ಟ್ಯಾಂಕಿಗೆ ಯಾವುದೋ ಕ್ಲೀನರ್ ಬಾಟಲಿ ಸುರಿ ಅಂದ. ಮನೆ ಹತ್ತಿರದ ಮೆಕ್ಯಾನಿಕ್, ಕನ್ವರ್ಟರ್ ದಾಟಿದ ಹೊಗೆಯಲ್ಲಿ ಆಕ್ಸಿಜನ್ ಅಳೆಯುವ ಹಿಂದಿನ ಸೆನ್ಸರ್ ಬದಲಾಯಿಸಿ, ಇನ್ನೂರು ಡಾಲರ್ ಅಂದ. ಇನ್ನೊಬ್ಬರು ಸೆನ್ಸರಿಗೆ ಒಂದು ಸ್ಪೇಸರ್ (ಅದನ್ನು ಹೊಗೆಯಿಂದ ದೂರ ಸರಿಸುವ ತುಂಡು) ತಿರುಗಿಸಿ ಕೂರಿಸಿದರೆ ದೀಪ ಆರುತ್ತೆ ಅಂದರು. ಆರುತ್ತೆ ನಿಜ, ಆದರೆ ಅದು ಕಂಪ್ಯೂಟರಿನ ಕಣ್ಣಿಗೆ ಮಣ್ಣೆರಚುವ ಕೆಲಸ, ಕಾನೂನಿಗೂ ವಿರುದ್ಧ.

ನಾನು ಏನೂ ಬಿಚ್ಚಲಿಲ್ಲ. ಕೋಡ್ ಅಳಿಸಲೂ ಇಲ್ಲ. ಇದು ಮುಖ್ಯ. ಕೋಡ್ ಬಿದ್ದ ಕ್ಷಣದ ಸ್ಪೀಡು, ಆರ್‌ಪಿಎಂ, ಇಂಜಿನ್ ಬಿಸಿ ಎಲ್ಲವೂ ಫ್ರೀಜ್ ಫ್ರೇಮ್ ಅಂತ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಆಮೇಲೆ ಬೇರೆ ಕಾರಣ ಏನಾದರೂ ಇದೆಯಾ ಅಂತ ನೋಡಿದೆ. ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಕೋಡ್ ಇರಲಿಲ್ಲ. ಫ್ಯೂಯೆಲ್ ಟ್ರಿಮ್ (ಪೆಟ್ರೋಲ್ ಅಳತೆಗೆ ಕಂಪ್ಯೂಟರ್ ಮಾಡುವ ತಿದ್ದುಪಡಿ) ಮೂರು ಪರ್ಸೆಂಟ್ ಆಸುಪಾಸು, ಹತ್ತು ದಾಟಿದ್ದರೆ ಯೋಚಿಸಬೇಕಿತ್ತು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಸರಿಯಾಗಿತ್ತು, ಅಂದರೆ ಇಂಜಿನ್ ಆಯಿಲ್ ಕುಡಿಯುತ್ತಿಲ್ಲ. ಆಯಿಲ್ ಉರಿದರೆ ಅದರಲ್ಲಿರುವ ರಂಜಕ ಕನ್ವರ್ಟರ್ ಒಳಗೆ ಕೂತು ಅದನ್ನು ಕೊಲ್ಲುತ್ತದೆ. ಕೂಲಂಟ್ ಕೂಡ ಇಳಿದಿರಲಿಲ್ಲ. ಇನ್ನು ಉಳಿದದ್ದು ಎಕ್ಸಾಸ್ಟ್ (ಹೊಗೆ ಕೊಳವೆ) ಲೀಕ್. ಸೆನ್ಸರಿಗಿಂತ ಮೊದಲು ಎಲ್ಲಾದರೂ ಸಣ್ಣ ತೂತಿದ್ದರೆ ಹೊರಗಿನ ಗಾಳಿ ಒಳಗೆ ಸೇರಿ ರೀಡಿಂಗ್ ಕೆಡುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಜಾಯಿಂಟುಗಳ ಮೇಲೆ ಸೋಪಿನ ನೀರು ಸ್ಪ್ರೇ ಮಾಡಿದೆ. ಎಲ್ಲೂ ಗುಳ್ಳೆ ಏಳಲಿಲ್ಲ. ನೆಲದ ಮೇಲೆ ಮಲಗಿ ನೋಡಿದ್ದಕ್ಕೆ ಎರಡು ದಿನ ಬೆನ್ನು ನೋವು, ಅದೊಂದು ಬೋನಸ್ಸು.

ಕೊನೆಗೆ ಅಸಲಿ ಪರೀಕ್ಷೆ. ಕನ್ವರ್ಟರಿನ ಒಳಗೆ ಜೇನುಗೂಡಿನ ಹಾಗೆ ಸೆರಾಮಿಕ್ ಇಟ್ಟಿಗೆ ಇರುತ್ತದೆ, ಅದರ ಮೇಲೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ತೆಳುವಾಗಿ ಲೇಪಿಸಿರುತ್ತಾರೆ. ಚೆನ್ನಾಗಿರುವ ಕನ್ವರ್ಟರ್ ಹೆಚ್ಚಿಗೆ ಬಂದ ಆಕ್ಸಿಜನ್ನನ್ನು ಹಿಡಿದಿಟ್ಟುಕೊಂಡು ಬೇಕಾದಾಗ ಬಿಡುತ್ತದೆ. ಹಾಗಾಗಿ ಮುಂದಿನಿಂದ ಬರುವ ಹೊಗೆ ಎಷ್ಟೇ ಏರುಪೇರಾದರೂ ಹಿಂದಿನ ಸೆನ್ಸರ್ ಅಲ್ಲಾಡದೆ ನಿಂತಿರಬೇಕು. ಇಪ್ಪತ್ತು ನಿಮಿಷ ಹೈವೇಯಲ್ಲಿ ಓಡಿಸಿ ಬಿಸಿ ಮಾಡಿ, ಪಾರ್ಕಿಂಗಿನಲ್ಲಿ ನಿಲ್ಲಿಸಿ, 2,500 ಆರ್‌ಪಿಎಂನಲ್ಲಿ ಮೂರು ನಿಮಿಷ ಹಿಡಿದು ಗ್ರಾಫ್ ನೋಡಿದೆ. 0.6, 0.7 ವೋಲ್ಟಿನಲ್ಲಿ ಹೆಚ್ಚುಕಡಿಮೆ ನೇರ ಗೆರೆ ಬರಬೇಕಾದ ಕಡೆ ನನ್ನದು 0.1ರಿಂದ 0.8ಕ್ಕೆ ಹಾರಿ ಬೀಳುತ್ತಿತ್ತು, ಗರಗಸದ ಹಲ್ಲಿನ ಹಾಗೆ. ಸೆನ್ಸರ್ ಸತ್ತಿದ್ದರೆ ಇಷ್ಟು ಚುರುಕಾಗಿ ಕುಣಿಯುತ್ತಿರಲಿಲ್ಲ, ಅಲ್ವಾ? ಮೆಕ್ಯಾನಿಕ್ ಮಾತು ಕೇಳಿದ್ದರೆ ಚೆನ್ನಾಗಿರುವ ಸೆನ್ಸರನ್ನೇ ಬಿಸಾಕುತ್ತಿದ್ದೆ. ಮೂರು ನಿಮಿಷದ ವಿಡಿಯೋ ಮಾಡಿಟ್ಟುಕೊಂಡೆ.

ಈಗ ವಾರಂಟಿ ವಿಷಯ. ಕಾರು 71,300 ಮೈಲಿ ಓಡಿತ್ತು, ನಾನು ಎರಡನೇ ಮಾಲೀಕ. ಮೂರು ವರ್ಷದ ವಾರಂಟಿ ಮುಗಿದಿತ್ತು, ಪವರ್‌ಟ್ರೇನ್ (ಇಂಜಿನ್, ಗೇರ್‌ಬಾಕ್ಸ್) ವಾರಂಟಿ 60,000 ಮೈಲಿಗೇ ಮುಗಿದಿತ್ತು. ಆದರೆ ಅಮೆರಿಕದಲ್ಲಿ ಕ್ಲೀನ್ ಏರ್ ಆಕ್ಟ್ ಅನ್ನೋ ವಾಯುಮಾಲಿನ್ಯ ಕಾನೂನಿನ ಪ್ರಕಾರ ಎಮಿಷನ್ (ಕಾರು ಉಗುಳುವ ಹೊಗೆ) ವಾರಂಟಿ ಅಂತ ಇನ್ನೊಂದಿದೆ. ಹೆಚ್ಚಿನ ಎಮಿಷನ್ ಭಾಗಗಳಿಗೆ ಎರಡು ವರ್ಷ ಅಥವಾ 24,000 ಮೈಲಿ. ಕ್ಯಾಟಲಿಟಿಕ್ ಕನ್ವರ್ಟರ್, ಎಮಿಷನ್ ನೋಡಿಕೊಳ್ಳುವ ಕಂಪ್ಯೂಟರ್, ಒಬಿಡಿ, ಇವಕ್ಕೆ ಮಾತ್ರ ಎಂಟು ವರ್ಷ ಅಥವಾ 80,000 ಮೈಲಿ, ಯಾವುದು ಮೊದಲೋ ಅದು. ಕಾರು ಕೈ ಬದಲಾದರೂ ವಾರಂಟಿ ಕಾರಿನ ಜೊತೆಗೇ ಬರುತ್ತದೆ. ಆಕ್ಸಿಜನ್ ಸೆನ್ಸರ್ ಈ ಎಂಟು ವರ್ಷದ ಪಟ್ಟಿಯಲ್ಲಿಲ್ಲ ನೋಡಿ, ಆ ಇನ್ನೂರು ಡಾಲರ್ ನನ್ನ ಜೇಬಿನಿಂದಲೇ ಹೋಗುತ್ತಿತ್ತು.

ಎಂಟು ವರ್ಷ ಅಂದರೆ ಮಾಡೆಲ್ ವರ್ಷದಿಂದ ಅಲ್ಲ, ನಾನು ಕೊಂಡ ದಿನದಿಂದಲೂ ಅಲ್ಲ. ಮೊದಲ ಮಾಲೀಕರ ಕೈಗೆ ಕಾರು ಹೋದ ದಿನದಿಂದ. ಡೀಲರಿಗೆ ಫೋನ್ ಮಾಡಿ ವಿಐಎನ್ (ಕಾರಿನ ಗುರುತು ಸಂಖ್ಯೆ) ಕೊಟ್ಟು ಕೇಳಿದೆ: 2016ರ ಮಾರ್ಚ್ ಮೊದಲ ವಾರ. ನನಗಿದ್ದದ್ದು ಎರಡೂವರೆ ತಿಂಗಳು.

ಜನವರಿಯಲ್ಲಿ ಡೀಲರ್ ಹತ್ತಿರ ಹೋದೆ. ಸರ್ವಿಸ್ ಅಡ್ವೈಸರ್ ಪರದೆ ನೋಡಿ, ವಾರಂಟಿ ಮುಗಿದಿದೆ ಸರ್, 2,400 ಡಾಲರ್ ಆಗುತ್ತೆ ಅಂದ. ಇದರಲ್ಲಿ ಮೋಸ ಏನಿಲ್ಲ ಅಂತ ನನಗನ್ನಿಸುತ್ತದೆ, ಅವನು ನೋಡಿದ್ದು ಮಾಮೂಲಿ ವಾರಂಟಿಯ ಸಾಲನ್ನಷ್ಟೇ. ಗ್ಲೋವ್ ಬಾಕ್ಸಿನ ವಾರಂಟಿ ಪುಸ್ತಕದಲ್ಲಿ ಫೆಡರಲ್ ಎಮಿಷನ್ ವಾರಂಟಿ ಪುಟಕ್ಕೆ ಗುರುತಿಟ್ಟುಕೊಂಡೇ ಹೋಗಿದ್ದೆ. ತೆಗೆದು ಕೌಂಟರ್ ಮೇಲಿಟ್ಟೆ. ಜಗಳ ಆಡಲಿಲ್ಲ, ಇದರ ಅಡಿಯಲ್ಲಿ ಪರೀಕ್ಷೆ ಮಾಡಿ ಅಂದೆ ಅಷ್ಟೇ. ಅವನು ಒಳಗೆ ಹೋಗಿ ಬಂದು, ಡಯಾಗ್ನೋಸಿಸ್‌ಗೆ 180 ಡಾಲರ್, ಕವರ್ ಆದರೆ ಅದೂ ಇಲ್ಲ ಅಂದ.

ಸಂಜೆ ಫೋನ್ ಬಂತು. ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ ಕೋಡ್ ಅಳಿಸಿದ್ದೇವೆ, ಕಾರು ತಗೊಂಡು ಹೋಗಿ. ಮೈಯೆಲ್ಲ ಉರಿದುಹೋಯಿತು. ದಿನ ದೂಡಿದರೆ ಮಾರ್ಚ್ ದಾಟುತ್ತದೆ ಅನ್ನೋ ಲೆಕ್ಕವಾ ಅಂತಲೂ ಅನ್ನಿಸಿತು. ಆದರೂ ಒಂದು ಕೆಲಸ ಮಾಡಿದೆ. ರಿಪೇರ್ ಆರ್ಡರಿನಲ್ಲಿ (ಡೀಲರ್ ಬರೆದುಕೊಡುವ ರಿಪೇರಿ ಕಾಗದ) ಗ್ರಾಹಕರ ದೂರು ಅನ್ನೋ ಕಡೆ ಪಿ0420 ಅಂತ ಬರೆಸಿ, ತಾರೀಖು, ಮೈಲಿ ಸರಿಯಾಗಿದೆಯಾ ನೋಡಿ, ಪ್ರಿಂಟ್ ತಗೊಂಡೇ ಹೊರಟೆ.

ಹನ್ನೊಂದು ದಿನ, ಸುಮಾರು 400 ಮೈಲಿ. ದೀಪ ಮತ್ತೆ ಬಂತು. ಗ್ರಾಫ್ ಮತ್ತೆ ಅದೇ ಗರಗಸ.

ಎರಡನೇ ಸಲ ವಿಡಿಯೋ, ಮೊದಲ ರಿಪೇರ್ ಆರ್ಡರ್, ಆಯಿಲ್ ಬದಲಾಯಿಸಿದ ರಸೀದಿಗಳು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿಕೊಂಡು ಹೋದೆ. ಆಯಿಲ್ ನಾನೇ ಮನೆಯಲ್ಲಿ ಬದಲಾಯಿಸುವುದು, ಹಾಗಾಗಿ ಅಂಗಡಿಯ ಬಿಲ್ಲುಗಳ ಹಿಂದೆ ಅವತ್ತಿನ ಮೈಲಿ ಬರೆದಿಡುವ ಅಭ್ಯಾಸ ಇದೆ. ಮನೆಯಲ್ಲೇ ಬದಲಾಯಿಸಿದ್ದೀರಿ ಅನ್ನೋ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸೋ ಹಾಗಿಲ್ಲ, ಆದರೆ ರಸೀದಿ ಇದ್ದರೆ ಮಾತು ಬೇಗ ಮುಗಿಯುತ್ತದೆ. ಈ ಸಲ ಫೋರ್‌ಮನ್ ಬಂದ. ಫೋಲ್ಡರ್ ತಿರುವಿ ಹಾಕಿ, ತನ್ನ ಸ್ಕ್ಯಾನರ್‌ನಲ್ಲೂ ಅದನ್ನೇ ಕಂಡು, ಪಾರ್ಟ್ ಆರ್ಡರ್ ಮಾಡ್ತೀನಿ ಅಂದ.

ಪಾರ್ಟ್ ಬರುವಷ್ಟರಲ್ಲಿ ಮಾರ್ಚ್ ಎರಡನೇ ವಾರ, ಎಂಟು ವರ್ಷ ಮುಗಿದೇ ಹೋಗಿತ್ತು. ಅಡ್ವೈಸರ್ ಒಂದು ಗಳಿಗೆ ಹಿಂದೆಮುಂದೆ ನೋಡಿದ. ಜನವರಿಯ ಕಾಗದ ತೋರಿಸಿದೆ, ದೂರು ಕೊಟ್ಟಿದ್ದು ಅವಧಿಯೊಳಗೆ. ಮತ್ತೆ ಮಾತಾಡಲಿಲ್ಲ. ನಮ್ಮ ಕಾರಿನಲ್ಲಿ ಕನ್ವರ್ಟರ್ ಇಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡಿಗೇ ಅಂಟಿಕೊಂಡಿದೆ, ಅದನ್ನು ಗ್ಯಾಸ್ಕೆಟ್ ಸಮೇತ ಬದಲಾಯಿಸಿದರು. ಹಳೆಯದನ್ನು ಒಂದು ಸಲ ನೋಡಬೇಕು ಅಂದೆ, ಕೊಡಲಿಲ್ಲ, ಕಂಪನಿಗೆ ವಾಪಸ್ ಕಳಿಸಬೇಕಂತೆ. ಬಿಲ್ಲಿನಲ್ಲಿ ಸೊನ್ನೆ.

ಮನೆಗೆ ಬರುವ ದಾರಿಯಲ್ಲೇ ಅಡಾಪ್ಟರ್ ಚುಚ್ಚಿ, ಒಂದು ಪಾರ್ಕಿಂಗಿನಲ್ಲಿ ನಿಲ್ಲಿಸಿ ಗ್ರಾಫ್ ನೋಡಿದೆ. ಹಿಂದಿನ ಸೆನ್ಸರ್ 0.68ರಲ್ಲಿ ನಿಂತಿತ್ತು.