ಒಂದು ಹಾರಿತು, ಎಂಟನ್ನು ಹಾರಿಸಲು ಎರಡು ವರ್ಷ ಹಿಡಿಯಿತು

ಅಮೆರಿಕದ ಎಫ್-22 ಯುದ್ಧವಿಮಾನದ ನನ್ನ ಮೊದಲ ರಿಮೋಟ್ ಮಾದರಿಯನ್ನು ದಾವಣಗೆರೆಯ ಹೊರವಲಯದಲ್ಲಿ, ಮೆಕ್ಕೆಜೋಳ ಕಟಾವಾದ ಹೊಲವೊಂದರಲ್ಲಿ ಹಾರಿಸಿದಾಗ, ಜೊತೆಗಿದ್ದ ಹಿರಿಯ ಗೆಳೆಯರು, "ಒಂದು ಹಾರಿಸ್ಬಹುದು ಬಿಡ್ರಿ, ಸಾಲಾಗಿ ಮಾಡಿದ್ರೆ ಎಲ್ಲಾ ಒಂದೇ ನಮೂನಿ ಹಾರ್ತಾವೇನು?" ಎಂದು ಕೇಳಿದ್ದರು. ಒಂದು ಕಾಲೇಜಿನ ವಿದ್ಯಾರ್ಥಿಗಳಿಗಾಗಿ ಮಾಡಿದ ಎಂಟು ಮಾದರಿಗಳು ಕಳೆದ ತಿಂಗಳು ಒಂದೇ ನಮೂನೆಯಲ್ಲಿ ಹಾರಿದ ಕಾರಣ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊದಲ ತಪ್ಪು ನಕ್ಷೆಯ ಆಯ್ಕೆಯಲ್ಲೇ ಇತ್ತು. 1990ರ ಸೆಪ್ಟೆಂಬರ್ 29ರಂದು ಹಾರಿದ ವೈಎಫ್-22 ಮೂಲಮಾದರಿಗೂ, 1997ರ ಸೆಪ್ಟೆಂಬರ್ 7ರಂದು ಹಾರಿದ ಎಫ್-22ಕ್ಕೂ ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸವಿದ್ದರೂ, ರೆಕ್ಕೆ ಹಿಂದಕ್ಕೆ ಓರೆಯಾಗುವ ಕೋನ 48 ಡಿಗ್ರಿಯಿಂದ 42ಕ್ಕೆ ಇಳಿದಿತ್ತು, ಮೇಲೆದ್ದ ಬಾಲಗಳು ಸುಮಾರು ಐದನೇ ಒಂದು ಭಾಗ ಕಿರಿದಾಗಿದ್ದವು, ಪೈಲಟ್‌ಗೆ ಚೆನ್ನಾಗಿ ಕಾಣಲೆಂದು ಕಾಕ್‌ಪಿಟ್ ಮುಂದಕ್ಕೆ, ಎಂಜಿನ್‌ಗೆ ಗಾಳಿ ಎಳೆಯುವ ಬಾಯಿಗಳು ಹಿಂದಕ್ಕೆ ಸರಿದಿದ್ದವು. ನಾನು ಮೂಲಮಾದರಿಯ ನಕ್ಷೆಯನ್ನೇ ಕತ್ತರಿಸಿದೆ. ದೊಡ್ಡ ಬಾಲಗಳ ಭಾರಕ್ಕೆ ಗುರುತ್ವ ಕೇಂದ್ರ ಹಿಂದಕ್ಕೆ ಜಗ್ಗಿ, ಮೂತಿಗೆ ನಲವತ್ತು ಗ್ರಾಂ ಸೀಸ ಅಂಟಿಸಬೇಕಾಯಿತು. ಮೂರು ಮಾದರಿಗಳು ನೆಲಕ್ಕಪ್ಪಳಿಸಿದ ಮೇಲೆಯೇ ತಯಾರಿಕೆಗೆ ಹೋದ ಎಫ್-22ರ ನಕ್ಷೆ ಹಿಡಿದೆ, ಸೀಸ ಬೇಕಾಗಲಿಲ್ಲ.

ಅದು ಸಲೀಸಾಗಿ ಹಾರಿತು, ಎರಡನೆಯದು ಹಾರಲಿಲ್ಲ. ಅದೇ ಹಾಳೆ, ಅದೇ 2212 ಮೋಟಾರ್, ಅದೇ ಸರ್ವೊ (ರೆಕ್ಕೆ-ಬಾಲದ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರ್), ಅದೇ ಬ್ಯಾಟರಿ. ಆದರೂ ಕೈಯಿಂದ ಎಸೆದ ಕ್ಷಣವೇ ಎಡಕ್ಕೆ ಉರುಳಿತು. ರಾತ್ರಿ ಅದನ್ನು ಊಟದ ಮೇಜಿನ ಮೇಲೆ ಮಲಗಿಸಿ ಅಳೆದಾಗ, ಎಡ ರೆಕ್ಕೆಯ ಮುಂದಿನ ಅಂಚು ಬಲಗಡೆಗಿಂತ ಸುಮಾರು ನಾಲ್ಕು ಮಿಲಿಮೀಟರ್ ತಗ್ಗಿತ್ತು, ಜೋಡಣೆಯ ಸಂದಿನಲ್ಲಿ ಗ್ಲೂ ಗನ್ನಿನ ಅಂಟು ಗಂಟುಗಟ್ಟಿ ಒಂದೇ ಕಡೆ ಇಪ್ಪತ್ತು ಗ್ರಾಂ ಕೂಡಿತ್ತು. ನಿಜವಾದ ವಿಮಾನಗಳ ಕಥೆಯೂ ಇದೇ. ರಾಡಾರ್‌ಗೆ ಕಾಣದಂತೆ ರೂಪಿಸಿದ ಅಮೆರಿಕದ ಎಫ್-117 ವಿಮಾನದ ಪೂರ್ವಜ ಹ್ಯಾವ್ ಬ್ಲೂ ಒಮ್ಮೆ ರಾಡಾರ್ ಪರೀಕ್ಷೆಯಲ್ಲಿ ಎದ್ದು ಕಂಡದ್ದು ಪೂರ್ತಿ ಬಿಗಿಯದೆ ಬಿಟ್ಟ ಮೂರು ಸ್ಕ್ರೂಗಳಿಂದ. ಒಂದೇ ವಿಮಾನವಾದರೆ ಸ್ಕ್ರೂಗಳನ್ನು ಒಂದೊಂದಾಗಿ ತಡವಿ ನೋಡಬಹುದು, ಹತ್ತಾರು ವಿಮಾನಗಳಿಗೆ ಆ ಕೆಲಸವನ್ನು ತಯಾರಿಕೆಯ ಕ್ರಮವೇ ಮಾಡಬೇಕು.

ಹೀಗಾಗಿ ಆರು ತಿಂಗಳು ವಿಮಾನವನ್ನೇ ಮಾಡದೆ, ಭಾಗಗಳನ್ನು ಒಂದೇ ಅಳತೆಗೆ ಹಿಡಿದು ಕೂಡಿಸುವ ಫರ್ಮಾ ಮಾಡಿದೆ. ಪ್ಲೈವುಡ್ ಮೇಲೆ ರೆಕ್ಕೆ ಕೂರುವ ತೊಟ್ಟಿಲು, ಬಾಲಗಳ ಓರೆಗೆ ಎರಡು ಅಡ್ಡಪಟ್ಟಿ, ಬ್ಯಾಟರಿಯ ಜಾಗಕ್ಕೆ ತಡೆ. ಬಡಗಿ ಮೊದಲು ಮಾಡಿಕೊಟ್ಟ ಫರ್ಮಾ ಮಳೆಗಾಲದಲ್ಲಿ ಸೊಟ್ಟಗಾಗಿ ಎರಡು ಸಾವಿರ ರೂಪಾಯಿ ಹಾಳಾಯಿತು. ಎರಡನೆಯದಕ್ಕೆ ಮೆರೈನ್ ಪ್ಲೈ ಹಾಕಿಸಿದೆ. ಅಂಟು ಒಣಗುವ ತನಕ ರೆಕ್ಕೆ ತಿರುಚದಂತೆ ನಾನು ಹಿಡಿಸುವ ವಿಧಾನ ಬಹಳ ಸುಲಭದ್ದು, ಆದರೆ ಸದ್ಯಕ್ಕೆ ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಬೇರೊಂದು ಪ್ರಯೋಗಕ್ಕೂ ಕೈಹಾಕಿದೆ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ವಲಯದಲ್ಲಿ 2022ರ ಜುಲೈ 1ರಂದು ಡಿಆರ್‌ಡಿಒ ಇಡೀ ಮೈಯೇ ರೆಕ್ಕೆಯಂತಿರುವ ಪೈಲಟ್‌ರಹಿತ ವಿಮಾನವನ್ನು ಹಾರಿಸಿ ಇಳಿಸಿತಲ್ಲ, ಆ ಆಕಾರದಲ್ಲಿ ಒಂದು ರೆಕ್ಕೆ ಕತ್ತರಿಸಿದೆ. ಓಲಾಟ ತಡೆಯುವ ಗೈರೊ ಇಲ್ಲದೆ ಅದು ಗಾಳಿಯಲ್ಲಿ ಎಲೆಯಂತೆ ಅತ್ತಿತ್ತ ಹೊರಳಿತು. ಅಗ್ಗದ ಗೈರೊ ಕೂರಿಸಿದ ಮೇಲೆ ನಾಲ್ಕು ನಿಮಿಷ ನಿಂತಿತು. ಅದರ ಮೇಲಿನ ಕೆಲಸ ಇನ್ನೂ ಬಾಕಿಯಿದೆ.

ಮುರಿದವು, ಫರ್ಮಾ, ಸುಟ್ಟ ಎರಡು ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಎಲ್ಲವೂ ಸೇರಿ ಹದಿನೆಂಟು ಸಾವಿರದಷ್ಟು ಖರ್ಚಾಯಿತು. ಮೊದಲ ಮಾದರಿಗೆ ಹನ್ನೆರಡು ದಿನ ಹಿಡಿದಿತ್ತು, ಈಗ ಒಂದಕ್ಕೆ ಎರಡು ಸಂಜೆ ಸಾಕು. ಬಿಡಿಭಾಗಗಳಿಗೆ ನಾಲ್ಕು ಸಾವಿರ ಬೀಳುತ್ತದೆ, ಒಂದೊಂದನ್ನು ಆರೂವರೆ ಸಾವಿರಕ್ಕೆ ಕೊಟ್ಟೆ. ಹಾಕಿದ ಹಣ ಬಂದು ಮೇಲೆ ಸ್ವಲ್ಪ ಉಳಿಯಿತು. ಕೊನೆಯ ದಿನ ಎಂಟನೆಯದನ್ನು ಮೊದಲನೆಯದರ ಟ್ರಿಮ್‌ನಲ್ಲೇ (ನೇರವಾಗಿ ಹಾರಲು ರಿಮೋಟ್‌ನಲ್ಲಿ ಮಾಡುವ ಸಣ್ಣ ಹೊಂದಾಣಿಕೆ) ಎಸೆಯಲು ಆ ಹಿರಿಯ ಗೆಳೆಯರ ಕೈಗೇ ಕೊಟ್ಟೆ. ಹೊಲದ ಬದು ದಾಟಿ ನೇರವಾಗಿ ಏರಿತು, ನಾನು ಟ್ರಿಮ್ ಗುಂಡಿಯನ್ನು ಮುಟ್ಟಲೇ ಇಲ್ಲ.