ಶಾಲೆ ನೋಡಕ್ಕೆ ಹೋದ್ರೆ ಆಫೀಸ್ ರೂಮಲ್ಲೇ ಕೂತು ಬರ್ಬೇಡಿ: ನನ್ನ ಅನುಭವ

ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಹೋದ ವರ್ಷ ಮಗಳು ಅಂಗನವಾಡೀಲಿದ್ಲು, ಒಂದನೇ ಕ್ಲಾಸಿಗೆ ಎಲ್ಲಿ ಹಾಕೋದು ಅಂತ ಮನೇಲಿ ದಿನಾ ಅದೇ ಮಾತು. ಇಂಗ್ಲಿಷ್ ಮೀಡಿಯಂ ವ್ಯಾನು ನಮ್ಮ ದಣಪೆ ತನಕ ಬರುತ್ತೆ, ನೆಂಟರೆಲ್ಲ "ಸರ್ಕಾರಿ ಶಾಲೇಲಿ ಪಾಠ ಎಲ್ಲಿ ಮಾಡ್ತಾರೆ ಮಾರಾಯ" ಅನ್ನೋರು, ಆದ್ರೆ ಹಂಗೆ ಅನ್ನೋರಲ್ಲಿ ಒಬ್ರೂ ಈಚೆಗೆ ಕ್ಲಾಸ್ ಒಳಗೆ ಕೂತು ನೋಡಿದವರಲ್ಲ. ನಾನೇ ನೋಡ್ಕೊಂಡು ಬರ್ತೀನಿ ಅಂತ ಆಗಸ್ಟಲ್ಲಿ ಹೊರಟೆ. ಮೊದಲ ದಿನ ಹೋದ್ರೆ ಮಳೆ ರಜೆ, ಗೇಟಿಗೆ ಬೀಗ. ಆಮೇಲಿಂದ ಹೆಡ್ ಮಾಸ್ಟ್ರಿಗೆ ಫೋನ್ ಮಾಡಿ, "ಸರ್, ಪಾಠಕ್ಕೆ ತೊಂದ್ರೆ ಮಾಡಲ್ಲ, ಹಿಂದೆ ಕೂತ್ಕೋತೀನಿ" ಅಂತ ಕೇಳ್ಕೊಂಡೇ ಹೋಗ್ತಿದ್ದೆ.

ಮೊದಲ ಶಾಲೇಲಿ ಒಂದರಿಂದ ಮೂರನೇ ಕ್ಲಾಸಿನ ಹದಿನಾಲ್ಕು ಮಕ್ಕಳು ಒಂದೇ ರೂಮಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ. ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು, ಕಾರ್ಡು-ಚಟುವಟಿಕೆ ಮಾಡ್ತಾ ತಮ್ಮ ವೇಗದಲ್ಲಿ ಕಲಿಯೋ ನಲಿ-ಕಲಿ ಪದ್ಧತಿ ಅಂದ್ರೆ ಇದು. ಎಲ್ಲಾ ಮಕ್ಕಳನ್ನೂ ನೋಡಕ್ಕೆ ಹೋದ್ರೆ ಬರೀ ಗಲಾಟೆ ಕಾಣುತ್ತೆ, ಅದಕ್ಕೆ ನಾನು ಒಬ್ಬ ಹುಡುಗನ್ನೇ ಅರ್ಧ ಗಂಟೆ ನೋಡ್ದೆ. ಎದ್ದ, ಗೋಡೆ ಮೇಲಿನ ಕಲಿಕಾ ಏಣೀಲಿ (ಕಲಿಯೋ ಹಂತಗಳನ್ನ ಚಿತ್ರದಲ್ಲಿ ತೋರಿಸೋ ಚಾರ್ಟು) ತಾನು ಎಲ್ಲಿದೀನಿ ಅಂತ ಬೆರಳಿಟ್ಟು ಹುಡುಕ್ದ, ಅದೇ ಚಿತ್ರ ಇರೋ ಕಾರ್ಡ್ ತಗೊಂಡು ತನ್ನ ಗುಂಪಿಗೆ ಬಂದ. ಅಲ್ಲಿ ಅಆಇಈ ಅಂತ ಶುರು ಮಾಡಲ್ಲ, ರ ಗ ಸ ದ ಅ ಅಂತ ಶುರು, ಯಾಕಂದ್ರೆ ಈ ಐದೇ ಅಕ್ಷರ ಬಂದ್ರೂ ಸರ, ದರ, ಅಗಸ, ಅರಸ, ಗರಗಸ ಇಷ್ಟು ಪದ ಮಗು ತಾನೇ ಓದಬಹುದು. ಇವ್ನು ಕೆಳಗಿನ ಗೋಡೆ ಹಲಗೆ ಮೇಲೆ ಗರಗಸ ಬರೆಯೋಕೆ ಹೋಗಿ 'ಗರಸಗ' ಅಂತ ಬರೆದ. ಟೀಚರ್ ತಪ್ಪು ಅನ್ಲಿಲ್ಲ, "ಓದು ನೋಡಾಣ" ಅಂದ್ರು ಅಷ್ಟೇ. ಗ, ರ, ಸ... ನಿಂತ. ಪಕ್ಕದ ಮೂರನೇ ಕ್ಲಾಸ್ ಹುಡುಗಿ ಕಾರ್ಡ್ ಮುಂದೆ ತಳ್ಳಿದ್ಲು. ಅವ್ನು ಕೊನೆ ಎರಡು ಅಕ್ಷರ ತೋಳಲ್ಲಿ ಒರೆಸಿ ಮತ್ತೆ ಬರೆದ. ನಂಗೆ ಅಲ್ಲೇ ಅರ್ಧ ತೀರ್ಮಾನ ಆಗಿತ್ತು.

ಆ ಟೀಚರೇ ಹೇಳಿದ್ದು, ಈ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದಂತೆ, ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಹಳ್ಳಿ ಶಾಲೆಗಳನ್ನ ನೋಡಿ ಬಂದು ಕಟ್ಟಿದ್ದು. ಒಂದು ಶಾಲೆಯೋರು ಇನ್ನೊಂದು ಶಾಲೇಲಿ ಹೋಗಿ ಕೂತಿದ್ದಕ್ಕೆ ಇಷ್ಟೆಲ್ಲಾ ಆಗಿದ್ದು ನೋಡಿ.

ಎರಡನೇ ಶಾಲೆಗೆ ಕಾಲುಸಂಕ ದಾಟಿ ಹೋಗ್ಬೇಕು. ಮಕ್ಕಳು ಚುರುಕು, ಆದ್ರೆ ಐದೂ ಕ್ಲಾಸಿಗೆ ಒಬ್ರೇ ಟೀಚರ್. ನಾನಿದ್ದ ಎರಡು ಗಂಟೇಲಿ ಮೂರು ಸಲ ಅವ್ರು ಜಗಲಿಗೆ ಹೋಗಿ, ಮಳೇಲಿ ಫೋನ್ ಮೇಲೆ ಎತ್ತಿ ನೆಟ್‌ವರ್ಕ್ ಹುಡುಕಿ ಅಂಕಿ-ಅಂಶ ಕಳಿಸ್ತಿದ್ರು, ಮೇಲಿನ ಆಫೀಸಿಂದ "ಇವತ್ತೇ ಬೇಕು" ಅಂತ ಕಾಲ್ ಬರ್ತಾನೇ ಇತ್ತು. ಒಳಗೆ ದೊಡ್ಡ ಮಕ್ಕಳು ಚಿಕ್ಕವರಿಗೆ ಮಗ್ಗಿ ಹೇಳಿಸ್ತಿದ್ವು. ಆ ಟೀಚರ್ ಮೇಲೆ ನಂಗೆ ಒಂಚೂರೂ ಬೇಜಾರಿಲ್ಲ, ಹೊಟ್ಟೆ ಉರಿದಿದ್ದು ವ್ಯವಸ್ಥೆ ಮೇಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ಕ್ಲಾಸ್ ತನಕ ಅರವತ್ತು ಮಕ್ಕಳ ಒಳಗಿದ್ರೂ ಇಬ್ರು ಟೀಚರ್ ಇರ್ಲೇಬೇಕು.

ಎರಡೂ ಕಡೆ ಮಕ್ಕಳ ಜೊತೆ ಸಾಲಲ್ಲೇ ಕೂತು ಬಿಸಿಯೂಟ ಉಂಡೆ. ಅನ್ನ ಸಾರು ಚೆನ್ನಾಗಿತ್ತು, ಅಡುಗೆಯಮ್ಮಂಗೆ ಯಾವ ಮಗು ಮೊಟ್ಟೆ ತಿನ್ನಲ್ಲ, ಯಾರಿಗೆ ಬಾಳೆಹಣ್ಣು ಕೊಡ್ಬೇಕು ಅನ್ನೋದೆಲ್ಲ ಬಾಯಲ್ಲೇ ಇತ್ತು.

ನೀವು ಹೋಗೋದಾದ್ರೆ ಆಗಸ್ಟ್ 15ಕ್ಕೋ ಪ್ರತಿಭಾ ಕಾರಂಜಿಗೋ ಹೋಗ್ಬೇಡಿ, ಮಾಮೂಲಿ ಮಂಗಳವಾರ ಹೋಗಿ. ಮಕ್ಕಳ ಫೋಟೋ ತೆಗೀಬೇಡಿ. ಬಣ್ಣ, ಬಿಲ್ಡಿಂಗ್ ಆಮೇಲೆ ನೋಡಿ, ಮೊದಲು ಮಗು ತಪ್ಪು ಮಾಡಿದಾಗ ಟೀಚರ್ ಏನಂತಾರೆ ಕೇಳಿಸ್ಕೊಳ್ಳಿ.

ಮಗಳು ಈಗ ಮೊದಲ ಶಾಲೇಲಿ ಒಂದನೇ ಕ್ಲಾಸು. ಎರಡನೇ ಶಾಲೆಗೆ ಇನ್ನೊಬ್ರು ಟೀಚರ್ ಬೇಕು ಅಂತ ಅಲ್ಲಿನ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯವರ ಜೊತೆ ನಾನೂ ಸಹಿ ಹಾಕಿ ಅರ್ಜಿ ಕೊಟ್ಟೆ. ಅತಿಥಿ ಶಿಕ್ಷಕಿ ಒಬ್ರು ಬಂದಿದಾರೆ, ಖಾಯಂ ಹುದ್ದೆ ಇನ್ನೂ ಖಾಲಿನೇ ಇದೆ.